ಸ್ವರಲಿಪಿ (ಹಿಂದೂಸ್ತಾನಿ ಸಂಗೀತ)

ಸ್ವರಲಿಪಿಯು ಸಂಗೀತದ ಸ್ವರ, ಸ್ಥಾಯಿ, ಕಾಲ ಹಾಗೂ ತಾಳಗಳನ್ನು ಅಕ್ಷರ ಮತ್ತು ಚಿಹ್ನೆಗಳಿಂದ ಬರೆದಿಡುವ ಪದ್ಧತಿ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳಿರುವ ವಿಜಯಪುರ ಜಿಲ್ಲೆಯೂ ಸೇರಿದಂತೆ ಉತ್ತರ ಕರ್ನಾಟಕದಲ್ಲಿ ಹಿಂದೂಸ್ತಾನಿ ಸಂಗೀತವೇ ಪ್ರಧಾನವಾಗಿದ್ದು, ಅದರ ಕಲಿಕೆಯಲ್ಲಿ ಭಾತಖಂಡೆ ಸ್ವರಲಿಪಿ ವ್ಯಾಪಕವಾಗಿ ಬಳಕೆಯಲ್ಲಿದೆ.

ಹಿನ್ನೆಲೆ

ವಿಜಯಪುರದ ಸುಲ್ತಾನ ಎರಡನೆಯ ಇಬ್ರಾಹಿಂ ಆದಿಲ್ ಶಾಹ (ಆಳ್ವಿಕೆ 1580–1627) ರಚಿಸಿದ ‘ಕಿತಾಬ್-ಎ-ನವರಸ್’ ಗ್ರಂಥದ ಗೀತೆಗಳಿಗೆ ರಾಗಗಳ ಹೆಸರಿದೆ, ಸ್ವರಲಿಪಿಯಿಲ್ಲ. ಹೀಗಾಗಿ ಸಾಹಿತ್ಯ ಉಳಿದರೂ ಮೂಲ ಧಾಟಿ ಉಳಿಯಲಿಲ್ಲ. ಸ್ವರಾಕ್ಷರಗಳನ್ನು ಬರೆಯುವ ರೂಢಿ ಮಾತ್ರ ಅದಕ್ಕಿಂತ ಹಳೆಯದು. 13ನೆಯ ಶತಮಾನದ ಶಾರ್ಙ್ಗದೇವನ ‘ಸಂಗೀತ ರತ್ನಾಕರ’ದಲ್ಲಿ ಅದು ಕಾಣುತ್ತದೆ. ಇಂದಿನ ಪದ್ಧತಿಗಳನ್ನು ರೂಪಿಸಿದವರು ವಿಷ್ಣು ನಾರಾಯಣ ಭಾತಖಂಡೆ (1860–1936) ಮತ್ತು ವಿಷ್ಣು ದಿಗಂಬರ ಪಲುಸ್ಕರ್ (1872–1931). ಭಾತಖಂಡೆಯವರ ‘ಕ್ರಮಿಕ ಪುಸ್ತಕ ಮಾಲಿಕಾ’ದಲ್ಲಿ ನೂರಾರು ಬಂದಿಶ್‌ಗಳು ಸ್ವರಲಿಪಿಯೊಂದಿಗೆ ಪ್ರಕಟವಾದವು.

ಓದುವ ಕ್ರಮ

ಚಿಹ್ನೆಯಿಲ್ಲದ ಸ್ವರವು ಮಧ್ಯ ಸಪ್ತಕದ ಶುದ್ಧ ಸ್ವರ. ಕೆಳಗೆ ಅಡ್ಡಗೆರೆಯಿದ್ದರೆ ಕೋಮಲ. ‘ಮ’ದ ಮೇಲೆ ಲಂಬಗೆರೆಯಿದ್ದರೆ ತೀವ್ರ ಮಧ್ಯಮ. ಕೆಳಗಿನ ಚುಕ್ಕೆ ಮಂದ್ರ ಸಪ್ತಕವನ್ನೂ ಮೇಲಿನ ಚುಕ್ಕೆ ತಾರ ಸಪ್ತಕವನ್ನೂ ಸೂಚಿಸುತ್ತದೆ. ಪಲುಸ್ಕರ್ ಪದ್ಧತಿಯಲ್ಲಿ ಮೇಲಿನ ಚುಕ್ಕೆಯೇ ಮಂದ್ರದ ಗುರುತು; ಆದ್ದರಿಂದ ಪುಸ್ತಕ ಯಾವ ಪದ್ಧತಿಯದೆಂದು ಮೊದಲೇ ನೋಡಿಕೊಳ್ಳಬೇಕು.

ಬಿಡಿಯಾಗಿ ಬರೆದ ಪ್ರತಿ ಸ್ವರಕ್ಕೆ ಒಂದು ಮಾತ್ರೆ. ‘ಗ ರೆ ಸ –’ ಎಂಬಲ್ಲಿ ನಾಲ್ಕು ಮಾತ್ರೆಗಳಿದ್ದು, ಕೊನೆಯ ಅಡ್ಡಗೆರೆಯು ಷಡ್ಜವನ್ನು ಇನ್ನೊಂದು ಮಾತ್ರೆ ಹಿಡಿಯಬೇಕೆಂದು ಹೇಳುತ್ತದೆ. ‘ಗರೆ’ ಎಂದು ಕೂಡಿಸಿ ಕೆಳಗೆ ಅರ್ಧಚಂದ್ರಾಕಾರದ ಗೆರೆ ಎಳೆದರೆ ಎರಡೂ ಸ್ವರಗಳು ಒಂದೇ ಮಾತ್ರೆಯೊಳಗೆ ಬರುತ್ತವೆ. ಸಾಹಿತ್ಯದ ಅಕ್ಷರವನ್ನು ಎಳೆಯುವಲ್ಲಿ ‘ಽ’ ಬರೆಯುತ್ತಾರೆ.

ತಾಳದ ಚಿಹ್ನೆಗಳು ಕೆಳಗಿನ ಸಾಲಿನಲ್ಲಿರುತ್ತವೆ. ಹದಿನಾರು ಮಾತ್ರೆಗಳ ತೀನ್‌ತಾಲ್‌ನಲ್ಲಿ ಮೊದಲನೆಯ ಮಾತ್ರೆಗೆ × (ಸಮ್), ಐದನೆಯದಕ್ಕೆ 2, ಒಂಬತ್ತನೆಯದಕ್ಕೆ 0 (ಖಾಲಿ), ಹದಿಮೂರನೆಯದಕ್ಕೆ 3 ಎಂದಿರುತ್ತದೆ. ಅನೇಕ ಬಂದಿಶ್‌ಗಳು ಖಾಲಿಯಿಂದ ಆರಂಭವಾಗುವುದರಿಂದ ಸಾಲಿನ ಮೊದಲ ಸ್ವರವೇ ಸಮ್ ಎಂದು ಭಾವಿಸಬಾರದು. ಹೊಸಬರು ಸಾಮಾನ್ಯವಾಗಿ ಎಡವುವುದು ಇಲ್ಲಿಯೇ.

ಮಿತಿ

ಮೀಂಡನ್ನು ಮೇಲಿನ ಬಾಗುಗೆರೆಯಿಂದ ಸೂಚಿಸಿದರೂ ಜಾರಿಕೆಯ ವೇಗ ಅದರಲ್ಲಿ ತಿಳಿಯದು. ದರ್ಬಾರಿ ಕಾನಡಾ ರಾಗದ ಕೋಮಲ ಗಾಂಧಾರದ ಆಂದೋಲನವನ್ನು ಕೇಳಿಯೇ ಕಲಿಯಬೇಕು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧರಾಗಿದ್ದ ಪಂಚಾಕ್ಷರಿ ಗವಾಯಿ (1892–1944) ಮತ್ತು ಪುಟ್ಟರಾಜ ಗವಾಯಿಗಳು (1914–2010) ಅಂಧ ವಿದ್ಯಾರ್ಥಿಗಳಿಗೆ ಸಂಗೀತವನ್ನು ಕಲಿಸಿದ್ದು ಬಾಯಿಪಾಠದಿಂದ.