ರಾತ್ರಿಯ ರನ್‌ವೇ: ದೀಪಸಾಲುಗಳ ವಿನ್ಯಾಸದ ಇತಿಹಾಸ

ರನ್‌ವೇಯ ಅಂಚಿನಲ್ಲೂ ಅದರ ಮುಂದಿನ ಬಯಲಿನಲ್ಲೂ ರಾತ್ರಿ ಉರಿಯುವ ದೀಪಗಳ ಕೆಲಸ ನೆಲವನ್ನು ಬೆಳಗುವುದಲ್ಲ. ಇಳಿಯುತ್ತಿರುವ ಪೈಲಟ್‌ಗೆ ತಾನು ಎಲ್ಲಿದ್ದೇನೆ, ಯಾವ ಕಡೆಗೆ ವಾಲಿದ್ದೇನೆ, ನೆಲ ಇನ್ನೆಷ್ಟು ದೂರವಿದೆ ಎಂಬುದನ್ನು ಕ್ಷಣಮಾತ್ರದಲ್ಲಿ ತಿಳಿಸುವುದು. ಬೆಳಕು ಹೆಚ್ಚಿದಷ್ಟೂ ಸುರಕ್ಷತೆ ಹೆಚ್ಚುತ್ತದೆ ಎಂಬ ಆರಂಭದ ನಂಬಿಕೆಯಿಂದ ಈ ತಿಳಿವಳಿಕೆಗೆ ಬರಲು ವಿಮಾನಯಾನಕ್ಕೆ ಸುಮಾರು ನಾಲ್ಕು ದಶಕಗಳೇ ಹಿಡಿದವು.

1921ರ ಫೆಬ್ರವರಿಯಲ್ಲಿ ಅಮೆರಿಕದ ಅಂಚೆ ಇಲಾಖೆ ಖಂಡದ ಒಂದು ತೀರದಿಂದ ಇನ್ನೊಂದು ತೀರಕ್ಕೆ ಹಗಲಿರುಳೂ ವಿಮಾನದಲ್ಲಿ ಅಂಚೆ ಸಾಗಿಸುವ ಪ್ರಯೋಗ ನಡೆಸಿದಾಗ, ಪೈಲಟ್ ಜ್ಯಾಕ್ ನೈಟ್ ನಾರ್ತ್ ಪ್ಲ್ಯಾಟ್‌ನಿಂದ ಷಿಕಾಗೋವರೆಗಿನ ದಾರಿಯಲ್ಲಿ ನೆಲದ ಮೇಲೆ ಜನ ಹೊತ್ತಿಸಿದ ಬೆಂಕಿಯ ರಾಶಿಗಳನ್ನೇ ಗುರುತಾಗಿ ನಂಬಬೇಕಾಯಿತು. 1924ರ ಜುಲೈ ವೇಳೆಗೆ ಷಿಕಾಗೋ ಮತ್ತು ಷೈಯೆನ್ ನಡುವೆ ತಿರುಗುದೀಪಗಳ ಗೋಪುರಗಳು ನಿಂತು ನಿಯಮಿತ ರಾತ್ರಿ ಸೇವೆ ಆರಂಭವಾಯಿತಾದರೂ, ಆ ಗೋಪುರಗಳು ದಾರಿ ತೋರಿಸಿದವೇ ಹೊರತು ಇಳಿಯುವ ಬಗೆಯನ್ನಲ್ಲ. ಇಳಿದಾಣದಲ್ಲಿ ಪ್ರಬಲ ಹೊನಲುದೀಪಗಳನ್ನು ಹಾಯಿಸುತ್ತಿದ್ದರು. ತಿಳಿಯಾದ ರಾತ್ರಿಗೆ ಅದು ಸಾಕಾಗುತ್ತಿತ್ತು. ಮಂಜಿನಲ್ಲಿ ಮಾತ್ರ ಅದೇ ಬೆಳಕು ನೀರಿನ ಹನಿಗಳಿಗೆ ತಾಗಿ ಚದುರಿ, ಕಣ್ಣ ಮುಂದೆ ಬಿಳಿಗೋಡೆಯೊಂದನ್ನು ಎಬ್ಬಿಸುತ್ತಿತ್ತು.

ಎರಡನೆಯ ಮಹಾಯುದ್ಧ ಈ ಸಮಸ್ಯೆಯನ್ನು ಇನ್ನಷ್ಟು ಬಿಗಡಾಯಿಸಿತು, ಏಕೆಂದರೆ ತನ್ನ ಪೈಲಟ್‌ಗೆ ಕಾಣುವ ದೀಪ ಶತ್ರುವಿನ ಬಾಂಬರ್‌ಗೂ ಕಾಣುತ್ತದೆ. ಬ್ರಿಟನ್ನಿನ ವಾಯುನೆಲೆಗಳಲ್ಲಿ ಗಿಂಡಿಯ ಕೊಕ್ಕಿನಂಥ ಕೊಳವೆಯಿಂದ ಬತ್ತಿ ಹೊರಚಾಚಿದ ಸೀಮೆಎಣ್ಣೆ ದೀಪಗಳನ್ನು ಸಾಲಾಗಿ ಇಡುತ್ತಿದ್ದರು. ಗಾಳಿಯ ದಿಕ್ಕು ಬದಲಾದರೆ ಸಾಲನ್ನೂ ಬದಲಿಸಬೇಕಿತ್ತು. 1940ರಲ್ಲಿ ಸ್ಕಾಟ್ಲೆಂಡಿನ ಡ್ರೆಮ್ ನೆಲೆಯ ಅಧಿಕಾರಿ ರಿಚರ್ಡ್ ಆಚರ್ಲಿ ಮುಸುಕು ಹಾಕಿದ ವಿದ್ಯುದ್ದೀಪಗಳನ್ನು ಬಳಕೆಗೆ ತಂದರು. ಉದ್ದ ಮೂತಿಯ ಸ್ಪಿಟ್‌ಫೈರ್ ವಿಮಾನದಲ್ಲಿ ಕುಳಿತವನಿಗೆ ನೇರ ಮುಂದಿನ ನೆಲ ಕಾಣುತ್ತಿರಲಿಲ್ಲವಾದ್ದರಿಂದ, ನೆಲೆಯ ಸುತ್ತ ಹಾರಿ ಸರಿಯಾದ ಕೋನದಲ್ಲಿ ರನ್‌ವೇಗೆ ತಿರುಗುವವನಿಗಷ್ಟೇ ಕಾಣುವಂತೆ ಅವುಗಳನ್ನು ಜೋಡಿಸಲಾಗಿತ್ತು. ಇದಕ್ಕೆ ತೀರ ವಿರುದ್ಧವಾದದ್ದು ಫೀಡೋ ಎಂಬ ವ್ಯವಸ್ಥೆ: ರನ್‌ವೇಯ ಎರಡೂ ಬದಿಯ ಕೊಳವೆಗಳಲ್ಲಿ ಪೆಟ್ರೋಲ್ ಉರಿಸಿ, ಆ ಕಾವಿನಿಂದ ಮಂಜನ್ನೇ ಕರಗಿಸುವ ಉಪಾಯ. ದುಂದುವೆಚ್ಚದ್ದಾದರೂ 1943ರಿಂದ ಯುದ್ಧದ ಕೊನೆಯವರೆಗೆ ಸುಮಾರು 2,500 ವಿಮಾನಗಳು ಅದರ ನೆರವಿನಿಂದ ಇಳಿದವು.

ನಿಜವಾದ ತಿರುವು ಬಂದದ್ದು ಇಷ್ಟು ದೊಡ್ಡ ಬೆಂಕಿಯಿಂದಲ್ಲ, ಫಾರ್ನ್‌ಬರೋದ ರಾಯಲ್ ಏರ್‌ಕ್ರಾಫ್ಟ್ ಎಸ್ಟಾಬ್ಲಿಷ್‌ಮೆಂಟ್‌ನಲ್ಲಿದ್ದ ಇ. ಎಸ್. ಕಾಲ್ವರ್ಟ್ 1940ರ ದಶಕದ ಉತ್ತರಾರ್ಧದಲ್ಲಿ ನಡೆಸಿದ ರೇಖಾಗಣಿತದ ಅಧ್ಯಯನದಿಂದ. ಮೋಡದಿಂದ ಹೊರಬಂದ ಪೈಲಟ್‌ಗೆ ದೀಪಗಳ ಒಂದು ತುಣುಕಷ್ಟೇ ಕಾಣುತ್ತದೆ. ಅದರಿಂದಲೇ ಆತ ವಿಮಾನದ ದಿಕ್ಕನ್ನೂ ವಾಲಿಕೆಯನ್ನೂ ನಿರ್ಣಯಿಸಬೇಕು. ಬರಿಯ ಒಂದು ಸಾಲು ಇದ್ದರೆ ಅದು ಓರೆಯಾಗಿ ಕಾಣುವುದು ವಿಮಾನ ಪಕ್ಕಕ್ಕೆ ಸರಿದದ್ದರಿಂದಲೋ ರೆಕ್ಕೆ ವಾಲಿದ್ದರಿಂದಲೋ ಎಂದು ಹೇಳಲಾಗದು. ಕಾಲ್ವರ್ಟ್ ನಡುಸಾಲನ್ನು ಅಡ್ಡಪಟ್ಟಿಗಳಿಂದ ಕತ್ತರಿಸಿದಾಗ ಆ ಪಟ್ಟಿಗಳು ಕೃತಕ ದಿಗಂತದಂತೆ ವಾಲಿಕೆಯನ್ನು ತೋರಿದವು, ನಡುಸಾಲು ದಿಕ್ಕನ್ನು ತೋರಿತು. ಈ ವಿನ್ಯಾಸದ ಪೂರ್ಣರೂಪದಲ್ಲಿ ರನ್‌ವೇಯ ಹೊಸ್ತಿಲಿನಿಂದ ಹೊರಗೆ 900 ಮೀಟರ್ ದೀಪಗಳಿದ್ದು, 150 ಮೀಟರಿಗೊಂದರಂತೆ ಐದು ಅಡ್ಡಪಟ್ಟಿಗಳು ರನ್‌ವೇ ಹತ್ತಿರವಾದಂತೆ ಕಿರಿದಾಗುತ್ತವೆ. ನಡುಸಾಲಿನಲ್ಲಿ ಹೊರಗಿನ 300 ಮೀಟರಿನಲ್ಲಿ ಮೂರು ಮೂರು, ನಡುವಿನ 300ರಲ್ಲಿ ಎರಡೆರಡು, ಕೊನೆಯ 300ರಲ್ಲಿ ಒಂದೊಂದು ದೀಪವಿರುವುದರಿಂದ ಉಳಿದ ದೂರವೂ ತಾನಾಗಿ ತಿಳಿಯುತ್ತದೆ. ಈ 900 ಮೀಟರ್ ಮನಸ್ಸಿಗೆ ಬಂದಂತೆ ಆರಿಸಿದ ಸಂಖ್ಯೆಯಲ್ಲ. ಮೂರು ಡಿಗ್ರಿ ಇಳಿಜಾರಿನಲ್ಲಿ ಬರುವ ವಿಮಾನವು, ದೀಪ ಕಾಣದಿದ್ದರೆ ಮೇಲೇರಿ ಹೋಗಲೇಬೇಕಾದ ಸುಮಾರು 60 ಮೀಟರ್ ಎತ್ತರದಲ್ಲಿರುವಾಗ, ಬಹುಮಟ್ಟಿಗೆ ಆ ಸಾಲಿನ ಆರಂಭದ ಮೇಲೆಯೇ ಇರುತ್ತದೆ; ಅಲ್ಲಿಂದ ಚಕ್ರ ನೆಲ ಮುಟ್ಟಲು ಇಪ್ಪತ್ತು ಸೆಕೆಂಡಿನಷ್ಟೂ ಉಳಿದಿರುವುದಿಲ್ಲ. ಅಮೆರಿಕದವರು ತಮ್ಮದೇ ವಿನ್ಯಾಸಗಳನ್ನು ಬೆಳೆಸಿದರಾದರೂ ನಡುಸಾಲು ಮತ್ತು ಅಡ್ಡಪಟ್ಟಿಯ ತತ್ತ್ವವನ್ನು ಕೊನೆಗೆ ಅವರೂ ಬಿಡಲಾಗಲಿಲ್ಲ.

ಮಂಜಿಲ್ಲದ ಸ್ವಚ್ಛ ರಾತ್ರಿಯೂ ಮೋಸ ಮಾಡಬಲ್ಲದು ಎಂಬುದು ಅರಿವಾದದ್ದು 1960ರ ದಶಕದಲ್ಲಿ. ಬೋಯಿಂಗ್ ಸಂಸ್ಥೆಯ ಮನೋವಿಜ್ಞಾನಿ ಕಾನ್ರಾಡ್ ಕ್ರಾಫ್ಟ್, ಕತ್ತಲ ನೀರು ಅಥವಾ ದೀಪವಿಲ್ಲದ ನೆಲದ ಮೇಲಿಂದ ಬೆಳಕಿನ ಊರಿನತ್ತ ಇಳಿಯುವ ಅನುಭವಿ ಪೈಲಟ್‌ಗಳು ಸಿಮ್ಯುಲೇಟರ್‌ನಲ್ಲಿ ತಮಗರಿವಿಲ್ಲದೆ ತೀರ ಕೆಳಗಿಳಿಯುವುದನ್ನು ಕಂಡರು. ಇದಕ್ಕೆ ಕಪ್ಪುಕುಳಿಯ ಭ್ರಮೆ ಎನ್ನುತ್ತಾರೆ. ಇಂಥ ಕಡೆ ಕಣ್ಣಿಗೆ ಎತ್ತರವನ್ನು ಹೊರಗಿನಿಂದಲೇ ಹೇಳಿಕೊಡಬೇಕು. 1970ರ ದಶಕದಲ್ಲಿ ಬ್ರಿಟನ್ನಿನ ಟೋನಿ ಸ್ಮಿತ್ ಮತ್ತು ಡೇವಿಡ್ ಜಾನ್ಸನ್ ರೂಪಿಸಿದ ಪ್ಯಾಪಿ ದೀಪಗಳು ಆ ಕೆಲಸವನ್ನು ಚೊಕ್ಕವಾಗಿ ಮಾಡುತ್ತವೆ: ರನ್‌ವೇ ಪಕ್ಕದ ನಾಲ್ಕು ದೀಪಗಳಲ್ಲಿ ಎರಡು ಬಿಳಿ, ಎರಡು ಕೆಂಪು ಕಂಡರೆ ಇಳಿಜಾರು ಸರಿ, ಕೆಂಪು ಹೆಚ್ಚಿದರೆ ವಿಮಾನ ತಗ್ಗಿನಲ್ಲಿದೆ, ಬಿಳಿ ಹೆಚ್ಚಿದರೆ ಎತ್ತರದಲ್ಲಿದೆ.

ಚಳಿಗಾಲದ ಬೆಳಗಿನ ಮಂಜಿಗೆ ಹೆಸರಾದ ದೇವನಹಳ್ಳಿಯಲ್ಲಿ, ಕೆಂಪೇಗೌಡ ವಿಮಾನ ನಿಲ್ದಾಣದ ದಕ್ಷಿಣ ರನ್‌ವೇಯನ್ನು ಮೂರನೆಯ ‘ಬಿ’ ವರ್ಗದ, ಅಂದರೆ ಅತ್ಯಲ್ಪ ಗೋಚರತೆಯಲ್ಲೂ ವಿಮಾನ ಇಳಿಯಬಲ್ಲ ದರ್ಜೆಗೆ ಸಜ್ಜುಗೊಳಿಸಲಾಗಿದೆ. ಈ ದರ್ಜೆಯಲ್ಲಿ ವಿಮಾನವನ್ನು ಇಳಿಸುವುದು ಆಟೋಪೈಲಟ್. ಕಾಲ್ವರ್ಟ್ ಲೆಕ್ಕ ಹಾಕಿದ ಸಾಲಿಗಿಂತ, ನೆಲ ಮುಟ್ಟಿದ ಮೇಲೆ ನೇರ ಓಡಿಸಲು ರನ್‌ವೇ ನಡುವೆ ಹುದುಗಿಸಿದ ದೀಪಗಳೇ ಪೈಲಟ್‌ಗೆ ಹೆಚ್ಚು ಬೇಕಾಗುತ್ತವೆ. ಅವು ಕೊನೆಯ 900 ಮೀಟರಿನಿಂದ ಕೆಂಪು-ಬಿಳಿಯಾಗಿ, ಕೊನೆಯ 300 ಮೀಟರಿನಲ್ಲಿ ಪೂರ್ತಿ ಕೆಂಪಾಗಿ ಕಾಣುತ್ತವೆ. ಈಚೆಗೆ ಹಳೆಯ ಬಲ್ಬುಗಳ ಜಾಗಕ್ಕೆ ಎಲ್‌ಇಡಿ ಬರುತ್ತಿದ್ದಂತೆ ಹೊಸ ತೊಡಕೊಂದು ಎದ್ದಿದೆ: ಮಂಜಿನಲ್ಲಿ ಬಲ್ಬಿನ ಶಾಖವನ್ನು ಹಿಡಿದು ಪರದೆಯ ಮೇಲೆ ತೋರಿಸುವ ವಿಮಾನದ ಇನ್‌ಫ್ರಾರೆಡ್ ಕ್ಯಾಮೆರಾಗಳಿಗೆ, ಶಾಖ ಸೂಸದ ಎಲ್‌ಇಡಿ ಸರಿಯಾಗಿ ಕಾಣುವುದೇ ಇಲ್ಲ.