ಮಾತ್ರೆ ಬಿಡಿಸುವ ವಿದ್ಯೆ

ಆತಂಕದ ಮಾತ್ರೆಗಳ ಚರಿತ್ರೆಯನ್ನು ಎಲ್ಲರೂ ಲಿಯೊ ಸ್ಟರ್ನ್‌ಬಾಕ್ ಅವರಿಂದ ಶುರು ಮಾಡುತ್ತಾರೆ. 1941ರಲ್ಲಿ ಯುರೋಪ್ ಬಿಟ್ಟು ಅಮೆರಿಕದ ನ್ಯೂಜೆರ್ಸಿಗೆ ಬಂದ ಯಹೂದಿ ರಸಾಯನಶಾಸ್ತ್ರಜ್ಞ ಅವರು. 1957ರಲ್ಲಿ ರೋಶ್ ಕಂಪನಿಯ ಪ್ರಯೋಗಾಲಯ ಸ್ವಚ್ಛ ಮಾಡುವಾಗ, ಮೂಲೆಯಲ್ಲಿ ಉಳಿದಿದ್ದ ಹಳೆಯ ಹರಳುಗಳನ್ನು ಎಸೆಯದೆ ಪರೀಕ್ಷೆಗೆ ಕಳಿಸಿದರು. ಅದೇ 1960ರ ಲಿಬ್ರಿಯಂ. 1963ರಲ್ಲಿ ಅದರ ಬೆನ್ನಿಗೇ ವೇಲಿಯಂ, ಅಂದರೆ ಡಯಾಜೆಪಾಮ್, ಬಂತು. 1978 ಒಂದೇ ವರ್ಷದಲ್ಲಿ ಸುಮಾರು 230 ಕೋಟಿ ವೇಲಿಯಂ ಮಾತ್ರೆಗಳು ಮಾರಾಟವಾದವು.

ಹೈದರಾಬಾದಿನ ಔಷಧ ಕಂಪನಿಯೊಂದರಲ್ಲಿ ಕಾಗದಪತ್ರ ಸಿದ್ಧಪಡಿಸುವ ಕೆಲಸ ನನ್ನದು. ಈ ಕಥೆಯನ್ನು ಎಷ್ಟೋ ಸಲ ಕೇಳಿದ್ದೇನೆ. ಆದರೆ ಇದೇ ಮಾತ್ರೆಯನ್ನು ಬಿಡುವುದು ಹೇಗೆಂದು ವೈದ್ಯಲೋಕ ಕಲಿತ ಕಥೆಯನ್ನು ಯಾರೂ ಹೇಳುವುದಿಲ್ಲ. ಅದಕ್ಕೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು.

ಸುಳಿವು ಬೇಗನೇ ಸಿಕ್ಕಿತ್ತು. 1961ರಲ್ಲಿ ಅಮೆರಿಕದ ಲಿಯೊ ಹಾಲಿಸ್ಟರ್ ಮತ್ತು ಸಂಗಡಿಗರು 36 ರೋಗಿಗಳಿಗೆ ತಿಂಗಳುಗಟ್ಟಲೆ ದೊಡ್ಡ ಪ್ರಮಾಣದಲ್ಲಿ ಲಿಬ್ರಿಯಂ ಕೊಟ್ಟು, ಅವರಲ್ಲಿ 11 ಜನರಿಗೆ ಹೇಳದೆಯೇ ಅದರ ಬದಲು ಮದ್ದಿಲ್ಲದ ಮಾತ್ರೆ ಕೊಟ್ಟರು. 10 ಜನ ತೊಂದರೆಗೊಳಗಾದರು, ಇಬ್ಬರಿಗೆ ಫಿಟ್ಸ್ ಬಂತು. ‘ಅಷ್ಟು ದೊಡ್ಡ ಡೋಸ್ ಕೊಟ್ಟರೆ ಇನ್ನೇನಾಗುತ್ತದೆ’ ಎಂದು ಉಳಿದ ವೈದ್ಯರು ಸಮಾಧಾನ ಮಾಡಿಕೊಂಡರು. ಅವರನ್ನು ಪೂರ್ತಿ ದೂರುವಂತೆಯೂ ಇಲ್ಲ. ಅಲ್ಲಿಯವರೆಗೆ ಕೊಡುತ್ತಿದ್ದ ಬಾರ್ಬಿಟ್ಯುರೇಟ್ ಮಾತ್ರೆಗಳು ಸ್ವಲ್ಪ ಹೆಚ್ಚಾದರೆ ಜೀವವನ್ನೇ ತೆಗೆಯುತ್ತಿದ್ದವು. ಅವುಗಳ ಮುಂದೆ ಇದು ಸಾಧು.

ನಿಜವಾದ ತೊಡಕು ಇದ್ದದ್ದು ಗುರುತಿಸುವುದರಲ್ಲಿ. ತಿಂಗಳುಗಳಿಂದ ಮಾತ್ರೆ ನುಂಗುತ್ತಿದ್ದವರು ಒಮ್ಮೆಲೇ ನಿಲ್ಲಿಸಿದರೆ ನಿದ್ದೆ ಹಾರುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಕೈ ನಡುಗುತ್ತದೆ. ವೈದ್ಯರು ‘ನೋಡಿದಿರಾ, ಹಳೆಯ ಕಾಯಿಲೆ ತಿರುಗಿ ಬಂತು’ ಎಂದು ಮತ್ತೆ ಅದೇ ಚೀಟಿ ಬರೆಯುತ್ತಿದ್ದರು. ಮಾತ್ರೆಯೇ ತಂದ ನಡುಕವನ್ನು ಮಾತ್ರೆಯೇ ಶಮನ ಮಾಡುತ್ತಿತ್ತು. 1981ರಲ್ಲಿ ಲಂಡನ್ನಿನ ಪೆಟುರ್ಸನ್ ಮತ್ತು ಮಾಲ್ಕಮ್ ಲೇಡರ್, ಸಾಮಾನ್ಯ ಡೋಸನ್ನೇ ಬಹುಕಾಲ ತೆಗೆದುಕೊಂಡಿದ್ದ 16 ಜನರಿಗೆ ಅದನ್ನು ನಿಲ್ಲಿಸಿ ನೋಡಿದರು. 16 ಜನರಿಗೂ ತೊಂದರೆ ಬಂತು. ಬೆಳಕು, ಸದ್ದು ಸಹಿಸಲಾಗದಂಥ, ಮೊದಲಿನ ಆತಂಕದಲ್ಲಿ ಇಲ್ಲದ ಲಕ್ಷಣಗಳೂ ಕಂಡವು. ಹಳೆಯ ಕಾಯಿಲೆಯ ಮಾತು ಅಲ್ಲಿಗೆ ಸಡಿಲಾಯಿತು.

ಬಿಡಿಸುವ ದಾರಿ ತೋರಿಸಿದವರಲ್ಲಿ ಮುಖ್ಯರು ಹೆದರ್ ಆಷ್ಟನ್. ಹುಟ್ಟಿದ್ದು 1929ರಲ್ಲಿ, ನಮ್ಮ ಡೆಹ್ರಾಡೂನಿನಲ್ಲಿ. ಪಶ್ಚಿಮಘಟ್ಟದ ಕಾಡಿನ ವರದಿಗಳನ್ನು ಓದಿದವರಿಗೆ ‘ಚಾಂಪಿಯನ್ ಮತ್ತು ಸೇಠ್’ ವರ್ಗೀಕರಣ ಗೊತ್ತಿರುತ್ತದೆ. ಆ ಹ್ಯಾರಿ ಚಾಂಪಿಯನ್ ಅವರ ಮಗಳು ಈಕೆ. ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ 1982ರಿಂದ 1994ರವರೆಗೆ ಈ ಮಾತ್ರೆ ಬಿಡಬೇಕೆನ್ನುವವರಿಗಾಗಿಯೇ ಕ್ಲಿನಿಕ್ ನಡೆಸಿದರು. ಬಂದವರು ಸುಮಾರು 300 ಜನ. ಹೆಚ್ಚಿನವರು ವೈದ್ಯರು ಹೇಳಿದಷ್ಟನ್ನೇ ನುಂಗಿದ್ದವರು, ಚಟಕ್ಕೆ ಬಿದ್ದವರಲ್ಲ. ಆಷ್ಟನ್ ಅವರ ಮಾತು ಕೂತು ಕೇಳಿಸಿಕೊಂಡರು.

ಅವರ ವಿಧಾನ ಹೀಗೆ. ಬೇಗ ಇಳಿದುಹೋಗುವ ಅಲ್ಪ್ರಜೋಲಾಮ್‌ನಂಥ ಮಾತ್ರೆಯಿಂದ, ಮೈಯಲ್ಲಿ ದಿನಗಟ್ಟಲೆ ಉಳಿಯುವ ಡಯಾಜೆಪಾಮ್‌ಗೆ ಮೆಲ್ಲಗೆ ಬದಲಾಯಿಸುವುದು. ಆಮೇಲೆ ವಾರಕ್ಕೋ ಎರಡು ವಾರಕ್ಕೋ ಸುಮಾರು ಹತ್ತರಲ್ಲೊಂದು ಭಾಗ ಇಳಿಸುವುದು. ವೇಗ ರೋಗಿಯದು. ತಿಂಗಳುಗಳೇ ಆಗಬಹುದು, ಕೆಲವರಿಗೆ ವರ್ಷ. ಅವರ ಲೆಕ್ಕದಲ್ಲಿ 0.5 ಮಿ.ಗ್ರಾಂ ಅಲ್ಪ್ರಜೋಲಾಮ್ 10 ಮಿ.ಗ್ರಾಂ ಡಯಾಜೆಪಾಮ್‌ಗೆ ಸಮ. ಸಣ್ಣ ಅಂಕಿ ಕಂಡು ಸಣ್ಣ ಮಾತ್ರೆ ಎಂದುಕೊಳ್ಳುವವರು ಇದನ್ನು ಗಮನಿಸಬೇಕು. 1988ರಲ್ಲಿ ಬ್ರಿಟನ್ನಿನ ಔಷಧ ಸುರಕ್ಷತಾ ಸಮಿತಿ, ಆತಂಕಕ್ಕೆ ಇವನ್ನು 2ರಿಂದ 4 ವಾರ ಮಾತ್ರ ಕೊಡಿ ಎಂದಿತು.

ನಮ್ಮಲ್ಲಿ? 2014ರ ಮಾರ್ಚಿನಿಂದ ಅಲ್ಪ್ರಜೋಲಾಮ್, ಡಯಾಜೆಪಾಮ್ ಎಲ್ಲ ಎಚ್1 ಪಟ್ಟಿಯಲ್ಲಿವೆ. ಅಂಗಡಿಯವರು ರೋಗಿಯ, ವೈದ್ಯರ ಹೆಸರು ಬರೆದು ಪುಸ್ತಕವನ್ನು 3 ವರ್ಷ ಇಟ್ಟುಕೊಳ್ಳಬೇಕು. ಆದರೂ ಖಾಲಿ ಸ್ಟ್ರಿಪ್ ತೋರಿಸಿದರೆ ಹೊಸದು ಕೊಡುವ ಅಂಗಡಿ ಎಲ್ಲಿದೆ ಎಂದು ಪ್ರತಿ ಪಿಜಿಯಲ್ಲೂ ಯಾರಿಗಾದರೂ ಗೊತ್ತಿರುತ್ತದೆ.

ಒಮ್ಮೆಲೇ ನಿಲ್ಲಿಸಿದರೆ ಏನಾಗುತ್ತದೆಂದು ಇಲ್ಲಿ ತೆಲಂಗಾಣ 2015ರಲ್ಲಿ ಕಂಡಿತು. ಸೇಂದಿಗೆ ಇದೇ ಮಾತ್ರೆಗಳ ಪುಡಿ ಬೆರೆಸುವ ದಂಧೆಯ ಮೇಲೆ ಸರ್ಕಾರ ದಾಳಿ ಮಾಡಿತು. ಕಲಬೆರಕೆ ನಿಂತಿತು. ನಿಜಾಮಾಬಾದ್, ಮಹಬೂಬ್‌ನಗರ ಕಡೆ ನೂರಾರು ಜನ ನಡುಗುತ್ತ, ಬಡಬಡಿಸುತ್ತ ಆಸ್ಪತ್ರೆ ಸೇರಿದರು. ದಾಳಿ ಸರಿಯೇ; ಹಾಸಿಗೆ ಮೊದಲು ಸಿದ್ಧವಾಗಬೇಕಿತ್ತು.

ನನ್ನ ರೂಂಮೇಟ್ ಹಾವೇರಿ ಕಡೆಯವನು. ನೈಟ್ ಶಿಫ್ಟ್ ಶುರುವಾದಾಗ ಹತ್ತು ದಿನಕ್ಕೆಂದು ಬರೆದುಕೊಟ್ಟ ಅಲ್ಪ್ರಜೋಲಾಮ್ ಮೂರು ವರ್ಷ ನಡೆದಿತ್ತು. ಕಾಲು ಇದ್ದದ್ದು ಅರೆಯಾಗಿ, ಅರೆ ಒಂದಾಗಿತ್ತು. ಸಂಜೆಯಾದರೆ ಸ್ಟ್ರಿಪ್ಪಿನಲ್ಲಿ ಎಷ್ಟು ಉಳಿದಿವೆ ಎಂದು ಎಣಿಸುತ್ತಿದ್ದ. ಜಾತ್ರೆಗೆ ಊರಿಗೆ ಹೋದವನು ಸ್ಟ್ರಿಪ್ ಮರೆತು, ಮೂರನೇ ದಿನ ಕೈ ನಡುಗಿ, ಬೆವರಿ ಮಲಗಿದ. ಅವ್ವ ದೃಷ್ಟಿ ತೆಗೆದಳಂತೆ. ವಾಪಸ್ ಬಂದ ಮೇಲೆ 14416ಕ್ಕೆ, ಅಂದರೆ ಟೆಲಿ ಮಾನಸ್‌ಗೆ, ಫೋನ್ ಮಾಡಿದ. ಅಲ್ಲಿ ಕನ್ನಡದಲ್ಲೇ ಮಾತಾಡಿದ. ತೆಲುಗಿನಲ್ಲಿ ‘ಎದೆ ಝಲ್ಲೆನ್ನುತ್ತದೆ’ ಎನ್ನುವುದು ಹೇಗೆಂದು ಅವನಿಗೆ ಬರುತ್ತಿರಲಿಲ್ಲ. ಅವರು ಹೇಳಿದಂತೆ ಮನೋವೈದ್ಯರೊಬ್ಬರನ್ನು ಕಂಡ. ಅವರು ಬೈಯಲಿಲ್ಲ, ಒಮ್ಮೆಲೇ ಬಿಡು ಎನ್ನಲೂ ಇಲ್ಲ. ಒಂದು ಹಾಳೆಯಲ್ಲಿ ವಾರಗಳ ಲೆಕ್ಕ ಬರೆದುಕೊಟ್ಟರು. ಆ ಹಾಳೆ ನಮ್ಮ ಫ್ರಿಜ್ಜಿನ ಮೇಲಿದೆ. ಈಗ ಹದಿನೇಳನೇ ವಾರ.