ಜಪಾನಿನ ಹಳೆಯ ಕ್ಲಾಸಿಕಲ್ ಗಿಟಾರುಗಳು: ಲೇಬಲ್, ಮರ, ಬೆಲೆ

ಜಪಾನಿನಲ್ಲಿ ಕ್ಲಾಸಿಕಲ್ ಗಿಟಾರ್ ತಯಾರಿಕೆ ಗಟ್ಟಿಯಾಗಿ ಬೇರೂರಿದ್ದು ಇಪ್ಪತ್ತನೆಯ ಶತಮಾನದಲ್ಲಿ. 1929ರಲ್ಲಿ ಸ್ಪೇನಿನ ಗಿಟಾರ್ ವಾದಕ ಆಂದ್ರೆಸ್ ಸೆಗೋವಿಯಾ ಅಲ್ಲಿಗೆ ಬಂದು ಕಛೇರಿ ನಡೆಸಿದಾಗ ಒಳ್ಳೆಯ ಸ್ಪ್ಯಾನಿಷ್ ಗಿಟಾರಿನ ನಾದ ಹೇಗಿರುತ್ತದೆಂಬುದು ಕೇಳುಗರಿಗೂ ಕುಶಲಕರ್ಮಿಗಳಿಗೂ ತಿಳಿಯಿತು. ಸಕಾಝೋ ನಕಾಡೆ ಅಲ್ಲಿನ ಗಿಟಾರ್ ತಯಾರಕರ ಮೊದಲ ಪೀಳಿಗೆಯವರು. ಅವರ ಮನೆತನದಲ್ಲಿ ಕಸುಬು ಮುಂದುವರಿಯಿತು. ಯುದ್ಧಾನಂತರ ಗಿಟಾರ್ ಕಲಿಯುವವರ ಸಂಖ್ಯೆ ಏರಿದಂತೆ ನಗೋಯಾದ ಸುಜುಕಿ, ಹಮಾಮತ್ಸುವಿನ ಯಮಾಹಾದಂಥ ಕಾರ್ಖಾನೆಗಳು ದೊಡ್ಡ ಪ್ರಮಾಣದಲ್ಲಿ ವಾದ್ಯಗಳನ್ನು ಹೊರತಂದವು.

ಈ ಇತಿಹಾಸದ ಮುಖ್ಯ ಹೆಸರು ಮಸಾರು ಕೋನೊ (1926–1998). 1960ರಲ್ಲಿ ಸ್ಪೇನಿಗೆ ಹೋದ ಅವರು ಮ್ಯಾಡ್ರಿಡ್‌ನ ಆರ್ಕಾಂಜೆಲ್ ಫೆರ್ನಾಂಡೆಜ್ ಅವರ ಕಮ್ಮಟದಲ್ಲಿ ಕೆಲಸ ಕಲಿತು ಬಂದರು. 1967ರಲ್ಲಿ ಬೆಲ್ಜಿಯಂನ ಗಿಟಾರ್ ತಯಾರಿಕೆಯ ಸ್ಪರ್ಧೆಯಲ್ಲಿ ಚಿನ್ನದ ಪದಕ ಗೆದ್ದ ಮೇಲೆ ಜಪಾನಿನ ಗಿಟಾರನ್ನು ಅಗ್ಗದ ನಕಲೆಂದು ತಳ್ಳಿಹಾಕುವುದು ಕಷ್ಟವಾಯಿತು. ಅವರ ಕಮ್ಮಟವನ್ನು ಮುಂದುವರಿಸಿದವರು ಸೋದರಳಿಯ ಮಸಾಕಿ ಸಕುರಾಯ್.

ಹಳೆಯ ವಾದ್ಯ ಕೊಳ್ಳುವವರು ಮೊದಲು ನೋಡುವುದು ಲೇಬಲ್ಲನ್ನು. ಕೋನೊ ಲೇಬಲ್ಲಿನಲ್ಲಿ 5, 10, 15, 30 ಎಂಬ ಮಾದರಿ ಸಂಖ್ಯೆಗಳಿವೆ. ಮೂಲದಲ್ಲಿ ಇವು ಹತ್ತು ಸಾವಿರ ಯೆನ್‌ಗಳ ಲೆಕ್ಕದಲ್ಲಿ ಬೆಲೆಯೇ: 10 ಎಂದರೆ ಒಂದು ಲಕ್ಷ ಯೆನ್. ಡಾಲರಿಗೆ 360 ಯೆನ್ ಎಂಬ ನಿಗದಿತ ದರ 1971ರವರೆಗೂ ಇತ್ತು. ಆ ಲೆಕ್ಕದಲ್ಲಿ ಅದು ಸುಮಾರು 278 ಡಾಲರ್. ಮುಂದೆ ಕೂಲಿ, ಮರ ಎರಡೂ ದುಬಾರಿಯಾಗಿ ಬೆಲೆ ಏರಿದರೂ ಸಂಖ್ಯೆ ಅದೇ ಉಳಿಯಿತು. ಹಾಗಾಗಿ ಸಂಖ್ಯೆಯನ್ನು ಒಬ್ಬನೇ ತಯಾರಕನ ಒಂದೇ ಕಾಲದ ವಾದ್ಯಗಳ ನಡುವೆ ಮಾತ್ರ ಹೋಲಿಸಬೇಕು. ಕೆಲವು ತಯಾರಕರು ವರ್ಷವನ್ನು ಜಪಾನಿನ ಶೋವಾ ಶಕೆಯಲ್ಲಿ ಬರೆದಿದ್ದಾರೆ. ಅದಕ್ಕೆ 1925 ಕೂಡಿಸಿದರೆ ಕ್ರಿಸ್ತವರ್ಷ ಸಿಗುತ್ತದೆ: ಶೋವಾ 48 ಅಂದರೆ 1973.

ಲೇಬಲ್ಲಿಗಿಂತ ಹೆಚ್ಚು ನಂಬಬಹುದಾದದ್ದು ಮರ. ನಾದರಂಧ್ರದ ಅಂಚಿನಲ್ಲಿ ಎಳೆಗಳು ಮೇಲಿನಿಂದ ಕೆಳಗೆ ಮುರಿಯದೆ ಇಳಿದಿದ್ದರೆ ಮುಂಭಾಗ ಒಂದೇ ಪದರದ ಮರದ್ದು. ಪದರಗಳು ಕಂಡರೆ ಪ್ಲೈವುಡ್. ಹಿಂಬದಿಯ ಹೊರಗಿನ ಎಳೆ ಒಳಗೂ ಅದೇ ಜಾಗದಲ್ಲಿ ಕಾಣಬೇಕು. ಹಳೆಯ ಜಪಾನಿ ಪಟ್ಟಿಗಳಲ್ಲಿ ಬರುವ ‘ಹಕರಾಂಡಾ’ ಬ್ರೆಜಿಲಿನ ರೋಸ್‌ವುಡ್. ಬೆಂಗಳೂರಿನ ರಸ್ತೆಗಳಲ್ಲಿ ನೇರಳೆ ಹೂ ಸುರಿಸುವ ಜಕರಂಡಾ ಅಲ್ಲ. 1992ರಿಂದ ಆ ಮರದ ಅಂತಾರಾಷ್ಟ್ರೀಯ ವ್ಯಾಪಾರಕ್ಕೆ ಸೈಟಿಸ್ ಒಪ್ಪಂದದ ಅತಿ ಬಿಗಿಯಾದ ನಿರ್ಬಂಧವಿದೆ; ಅಂಥ ಹಳೆಯ ಗಿಟಾರಿಗೆ ಬೆಲೆ ಹೆಚ್ಚು, ಗಡಿ ದಾಟಿಸುವುದು ಕಷ್ಟ. ಭಾರತೀಯ ರೋಸ್‌ವುಡ್ ಎಂದು ಬರೆದಿದ್ದರೆ ಅದು ನಮ್ಮ ಪಶ್ಚಿಮಘಟ್ಟದಲ್ಲೂ ಬೆಳೆಯುವ ಬೀಟೆ. ಈ ಎರಡನ್ನು ಬಣ್ಣ ನೋಡಿಯೇ ಬೇರ್ಪಡಿಸುವುದು ಅಪಾಯಕಾರಿ.

ತಂತಿಯ ಉದ್ದವನ್ನೂ ಅಳೆಯಬೇಕು. ಸ್ಪೇನಿನ ತಯಾರಕ ಹೊಸೆ ರಾಮಿರೆಜ್ ಮಾದರಿಯ 664 ಮಿಲಿಮೀಟರ್ ಅಳತೆಯನ್ನು ಅನುಸರಿಸಿದ ವಾದ್ಯಗಳು ಇಂದು ರೂಢಿಯಲ್ಲಿರುವ 650ಕ್ಕಿಂತ ಉದ್ದ; ಸಣ್ಣ ಕೈಯವರಿಗೆ ತ್ರಾಸ. ಕೊನೆಗೆ ಕುತ್ತಿಗೆ. ಸ್ಪ್ಯಾನಿಷ್ ಪದ್ಧತಿಯಲ್ಲಿ ಅದನ್ನು ಒಡಲಿನೊಂದಿಗೇ ಕಟ್ಟುವುದರಿಂದ ಬಾಗಿದರೆ ಬಿಚ್ಚಿ ಸರಿಪಡಿಸುವುದು ಸುಲಭವಲ್ಲ, ರಿಪೇರಿಯ ಖರ್ಚು ವಾದ್ಯದ ಬೆಲೆಯನ್ನೇ ಮೀರಬಹುದು. ಬಾಗಿದ ಕುತ್ತಿಗೆಯ ಹೆಸರಾಂತ ಗಿಟಾರಿಗಿಂತ, ಒಂದೇ ಪದರದ ಮರದ ಮುಂಭಾಗ ಮತ್ತು ನೇರ ಕುತ್ತಿಗೆಯಿರುವ ಸಾಧಾರಣ ಹೆಸರಿನ ಗಿಟಾರೇ ನುಡಿಸುವವರಿಗೆ ಹೆಚ್ಚು ಬೆಲೆಬಾಳುತ್ತದೆ.